ನಿಂತಲ್ಲೇ ಇಳಿಯುವ ಬ್ಯಾಟ್ರಿ: ಹೊಸದು ಕೊಳ್ಳುವ ಮುಂಚೆ ನೋಡಬೇಕಾದ್ದು

ಮಳೆ ನಂಬಿದ ರೈತನ ಟ್ರ್ಯಾಕ್ಟರು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ನಮ್ಮ ಹೊಸಕೋಟೆ ತಾಲ್ಲೂಕು ಸಮೇತನಹಳ್ಳಿ ಕಡೆಯ ಲೆಕ್ಕ ಹೇಳುತ್ತೇನೆ. ಮಾಗಿಯಲ್ಲಿ ಒಂದೆರಡು ಸಾಲು ಉಳುಮೆ, ಮುಂಗಾರು ಬಿದ್ದಾಗ ಮತ್ತೆರಡು ಸಾಲು, ಆರಿದ್ರ-ಪುನರ್ವಸು ಮಳೆಗೆ ರಾಗಿ ಬಿತ್ತನೆ. ಆಮೇಲೆ ನವೆಂಬರ್-ಡಿಸೆಂಬರಿನ ಕೊಯ್ಲಿನ ತನಕ ಗೊಬ್ಬರ ಸಾಗಿಸಲೋ ಹುಲ್ಲು ತರಲೋ ಒಂದೊಂದು ದಿನ ಹೊರಗೆ ಬಂದರೆ ಬಂತು. ಉಳಿದ ದಿನವೆಲ್ಲ ಕೊಟ್ಟಿಗೆ ಪಕ್ಕದ ಶೀಟಿನ ಕೆಳಗೇ ಅದರ ವಾಸ.

ತೊಂದರೆ ಶುರುವಾಗುವುದು ಹೀಗೆ ನಿಂತಾಗಲೇ. ಇಪ್ಪತ್ತು ದಿನ ಬಿಟ್ಟು ಕೀ ತಿರುಗಿಸಿದರೆ ‘ಟಕ್’ ಅನ್ನುತ್ತದೆ, ಅಷ್ಟೇ. ಸೆಲ್ಫು ಎತ್ತುವುದಿಲ್ಲ. ಅದೂ ಯಾವ ದಿನ? ರಾತ್ರಿ ಮಳೆ ಬಂದು ಬೆಳಗ್ಗೆ ಹೊಲ ಹದಕ್ಕೆ ಬಂದ ದಿನ. ನಮ್ಮದು ಕೆಂಪು ಮಣ್ಣು. ಎರಡು ದಿನ ಬಿಸಿಲು ಬಿದ್ದರೆ ಹದ ಹಾರಿಹೋಗುತ್ತದೆ. ಬ್ಯಾಟ್ರಿ ಹೊತ್ತುಕೊಂಡು ಹೊಸಕೋಟೆಗೆ ಹೋಗಿ, ಚಾರ್ಜಿಗೆ ಕೊಟ್ಟು, ಮಾರನೆಯ ದಿನ ತರುವ ಹೊತ್ತಿಗೆ ಪಕ್ಕದ ಹೊಲದವರ ಬಿತ್ತನೆ ಮುಗಿದಿರುತ್ತದೆ.

ಅಂಗಡಿಗೆ ಹೋದರೆ ಬರುವ ಮೊದಲ ಮಾತು ಯಾವಾಗಲೂ ಒಂದೇ: “ಬ್ಯಾಟ್ರಿ ಹೋಗೈತೆ ಕಣಣ್ಣ, ಹೊಸದು ಹಾಕ್ಸ್‌ಬುಡು.” ಸಾವಿರಾರು ರೂಪಾಯಿಯ ಮಾತು ಅದು. ಹೊಸದು ಹಾಕಿಸಿದರೆ ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಅದೇ ಕಥೆ. ಯಾಕೆಂದರೆ ಇಳಿಸುತ್ತಿದ್ದ ಕಾರಣ ಗಾಡಿಯಲ್ಲೇ ಇದೆ, ಬ್ಯಾಟ್ರಿಯಲ್ಲಿಲ್ಲ. ಇದನ್ನು ಕಂಡುಹಿಡಿಯುವುದಕ್ಕೆ ದೊಡ್ಡ ಓದು ಬೇಡ. ನಾನು ಏಳನೇ ಕ್ಲಾಸು ಓದಿದವನು. ಗುಣಾಕಾರ ಭಾಗಾಕಾರ ಬಂದರೆ ಸಾಕು, ಜತೆಗೆ ಒಂದಿಷ್ಟು ತಾಳ್ಮೆ.

ಕೆರೆ ಬತ್ತುವುದಕ್ಕೆ ಮೂರು ಕಾರಣ

ಬ್ಯಾಟ್ರಿಯನ್ನು ಊರ ಕೆರೆ ಅಂದುಕೊಳ್ಳಿ. ಬೇಸಿಗೆಗೆ ಮುಂಚೆಯೇ ಕೆರೆ ಬತ್ತಿತು ಅಂದರೆ ನಮ್ಮ ಹಿರಿಯರು ಮೂರು ಕಡೆ ನೋಡುತ್ತಿದ್ದರು. ನೀರು ಬರುವ ಕಾಲುವೆ ಕಟ್ಟಿಕೊಂಡಿದೆಯೇ? ಹೂಳು ತುಂಬಿ ಕೆರೆಯಲ್ಲಿ ನೀರು ನಿಲ್ಲುತ್ತಿಲ್ಲವೇ? ಇಲ್ಲಾ, ತೂಬು ಸೋರುತ್ತಿದೆಯೇ? ಬ್ಯಾಟ್ರಿಗೂ ಇದೇ ಮೂರು. ಡೈನಮೋ ಸರಿಯಾಗಿ ತುಂಬಿಸುತ್ತಿಲ್ಲ, ಬ್ಯಾಟ್ರಿಯೇ ಹಿಡಿದಿಟ್ಟುಕೊಳ್ಳುತ್ತಿಲ್ಲ, ಅಥವಾ ಗಾಡಿ ನಿಂತಿದ್ದಾಗ ಏನೋ ಒಂದು ಕರೆಂಟು ಕುಡಿಯುತ್ತಿದೆ. (ಈಗಿನ ಗಾಡಿಗಳಲ್ಲಿರುವುದು ಆಲ್ಟರ್ನೇಟರು. ನಮ್ಮ ಕಡೆ ಎಲ್ಲರೂ ಡೈನಮೋ ಅಂತಲೇ ಅನ್ನುವುದರಿಂದ ನಾನೂ ಹಾಗೇ ಬರೆಯುತ್ತೇನೆ.)

ಹೂಳಿನ ವಿಷಯ ಒಂದು ಮಾತು. ಸೀಸದ ಬ್ಯಾಟ್ರಿಯನ್ನು 1859ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. ಇವತ್ತಿಗೂ ಒಳಗಿನ ಸರಕು ಅದೇ: ಸೀಸ, ಸೀಸದ ಆಕ್ಸೈಡು, ಗಂಧಕಾಮ್ಲ. ಕರೆಂಟು ಖರ್ಚಾದಂತೆಲ್ಲ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಬೇಗ ಚಾರ್ಜು ಮಾಡಿದರೆ ಕರಗಿ ಹೋಗುತ್ತದೆ. ಇಳಿದ ಬ್ಯಾಟ್ರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಅದು ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಮತ್ತೆ ಏಳುವುದಿಲ್ಲ. ಅಲ್ಲಿಗೆ ಆ ಪ್ಲೇಟಿನ ಅಷ್ಟು ಜಾಗ ನಷ್ಟ. ಅಂದರೆ ತೂಬು ಸೋರುವುದನ್ನು ನೋಡದೆ ಬಿಟ್ಟರೆ ಕೊನೆಗೆ ಕೆರೆಯೇ ಹೂಳು ತುಂಬಿ ಹೋಗುತ್ತದೆ. ಅಂಗಡಿಯವನು “ಬ್ಯಾಟ್ರಿ ಹೋಗೈತೆ” ಅನ್ನುವುದು ಕೆಲವು ಸಲ ನಿಜವೇ. ಆದರೆ ಅದನ್ನು ಕೊಂದದ್ದು ಯಾವುದು ಅಂತ ನೋಡದೆ ಹೊಸದು ಹಾಕಿದರೆ ಹೊಸದಕ್ಕೂ ಅದೇ ಗತಿ.

ಮೀಟರು ಇಲ್ಲದೆ ಮಾಡುವ ಪರೀಕ್ಷೆ

ಎಲ್ಲಕ್ಕಿಂತ ಮೊದಲು ಬ್ಯಾಟ್ರಿಯ ತಲೆ ನೋಡಿ. ಧೂಳು, ಎಣ್ಣೆ, ಆ್ಯಸಿಡ್ ಪಸೆ ಸೇರಿ ಮೇಲೆ ಪದರ ಕಟ್ಟಿದ್ದರೆ ಅದರ ಮೇಲೇ ಎರಡು ಟರ್ಮಿನಲ್ಲಿನ ನಡುವೆ ಸಣ್ಣಗೆ ಕರೆಂಟು ಹರಿಯುತ್ತಿರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮುಚ್ಚಳಗಳನ್ನು ಬಿಗಿ ಮಾಡಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಒರೆಸಿ ಒಣಗಿಸಿ. ಸೋಡಾ ನೀರು ಒಳಗೆ ಮಾತ್ರ ಇಳಿಯಬಾರದು. ಟರ್ಮಿನಲ್ಲಿನ ಮೇಲೆ ಹಸಿರು-ಬಿಳಿ ಬೂಸ್ಟು ಬಂದಿದ್ದರೆ ಬಿಚ್ಚಿ ಉಜ್ಜಿ, ಬಿಗಿಯಾಗಿ ಕೂರಿಸಿ ವ್ಯಾಸಲೀನು ಸವರಿ. ಬ್ಯಾಟ್ರಿ ತುಂಬಿದ್ದೂ ಕ್ಲಾಂಪು ಸಡಿಲ ಇದ್ದು ಸೆಲ್ಫು ಎತ್ತದೆ ಇರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಬಿಚ್ಚುವಾಗ ಯಾವಾಗಲೂ ಮೊದಲು ಅರ್ತ್ ವೈರು, ಅಂದರೆ ಮೈನಸ್ಸು. ಹಾಕುವಾಗ ಅದೇ ಕೊನೆ. ಪ್ಲಸ್ಸು ಬಿಚ್ಚುವಾಗ ಸ್ಪ್ಯಾನರು ಗಾಡಿ ಮೈಗೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ. ಚಾರ್ಜಾಗುವಾಗ ಬ್ಯಾಟ್ರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಕಿಡಿ ಬಿದ್ದರೆ ಸಿಡಿಯುತ್ತದೆ. ಹತ್ತಿರ ಬೀಡಿ ಸೇದುವವರನ್ನು ದೂರ ಕಳಿಸಿ.

ಈಗ ಪರೀಕ್ಷೆ. ಬ್ಯಾಟ್ರಿಯನ್ನು ಪೂರ್ತಿ ಚಾರ್ಜು ಮಾಡಿಸಿ. 75 ಆ್ಯಂಪಿಯರ್-ಗಂಟೆಯ ಬ್ಯಾಟ್ರಿಗೆ ಏಳೆಂಟು ಆ್ಯಂಪಿಯರಿನಲ್ಲಿ ಹತ್ತು ಹನ್ನೆರಡು ಗಂಟೆ ನಿಧಾನವಾಗಿ ಆಗಬೇಕು. ಎರಡು ಗಂಟೆಯಲ್ಲಿ ಬಿಸಿ ಮಾಡಿ ಕೊಡುವ ಚಾರ್ಜು ಒಪ್ಪಬೇಡಿ. ತಂದು ಗಾಡಿಯಲ್ಲಿ ಕೂರಿಸಿ, ಅರ್ತ್ ವೈರು ಮಾತ್ರ ಹಾಕದೆ ಬಿಡಿ. ಮಾಮೂಲಾಗಿ ಎಷ್ಟು ದಿನಕ್ಕೆ ಇಳಿಯುತ್ತಿತ್ತೋ ಅಷ್ಟು ದಿನ ಹಾಗೇ ಇರಲಿ. ಆಮೇಲೆ ವೈರು ಹಾಕಿ ಸೆಲ್ಫು ಹೊಡೆಯಿರಿ. ಗಾಡಿ ಚಕ್ಕನೆ ಎದ್ದರೆ ಬ್ಯಾಟ್ರಿಗೆ ಏನೂ ಆಗಿಲ್ಲ, ಕಳ್ಳ ಗಾಡಿಯೊಳಗಿದ್ದಾನೆ. ಎತ್ತದೆ ಹೋದರೆ ಕಳ್ಳ ಬ್ಯಾಟ್ರಿಯೊಳಗೇ. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಸಮಸ್ಯೆ ಇಲ್ಲೇ ಬಿಡಿಸಿಕೊಳ್ಳುತ್ತದೆ.

ಮೀಟರು ಇದ್ದರೆ ಇದನ್ನೇ ಅಂಕಿಯಲ್ಲಿ ಹೇಳಬಹುದು. ಚಾರ್ಜು ಮಾಡಿ ಒಂದು ರಾತ್ರಿ ಬಿಟ್ಟ ಒಳ್ಳೆ ಬ್ಯಾಟ್ರಿ 12.6 ವೋಲ್ಟು ಅಥವಾ ಸ್ವಲ್ಪ ಮೇಲೆ ತೋರಿಸುತ್ತದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಸುಮಾರು ಅರ್ಧ, 12ಕ್ಕೆ ಬಂದರೆ ಕಾಲು ಭಾಗ. ನೋಡಿ, ತುಂಬಿದ್ದಕ್ಕೂ ಖಾಲಿಗೂ ಇರುವ ಅಂತರ ಮುಕ್ಕಾಲು ವೋಲ್ಟೂ ಇಲ್ಲ. ಅದಕ್ಕೇ “12 ತೋರಿಸ್ತೈತೆ, ಸರಿಯಾಗೈತೆ” ಅನ್ನುವುದು ತಪ್ಪು ಲೆಕ್ಕ. ಚಾರ್ಜು ಮಾಡಿದ ಮೇಲೂ 10.5ರ ಹತ್ತಿರವೇ ನಿಂತರೆ ಆರು ಸೆಲ್ಲಿನಲ್ಲಿ ಒಂದು ಸತ್ತಿದೆ ಅಂತ. ಮುಚ್ಚಳ ಬಿಚ್ಚುವ ಬ್ಯಾಟ್ರಿಯಾದರೆ ಹೈಡ್ರೋಮೀಟರಿನಲ್ಲಿ ಒಂದೊಂದೇ ಸೆಲ್ ನೋಡಿ. ಐದು ಸೆಲ್ಲು 1250 ತೋರಿಸಿ ಒಂದು ಮಾತ್ರ 1200ಕ್ಕಿಂತ ಕೆಳಗಿದ್ದರೆ ಅದೇ ಸತ್ತ ಸೆಲ್ಲು. ಇಂಥದ್ದಕ್ಕೆ ಹೊಸ ಬ್ಯಾಟ್ರಿ ಬಿಟ್ಟರೆ ಬೇರೆ ದಾರಿಯಿಲ್ಲ. ಆ್ಯಸಿಡ್ ಹಾಕಿ ಏರಿಸುತ್ತೇವೆ ಅನ್ನುವವರನ್ನು ನಂಬಬೇಡಿ. ಮೀಟರು ಮೇಲೇರುತ್ತದೆ, ಪ್ಲೇಟು ಇನ್ನೂ ಬೇಗ ಸಾಯುತ್ತದೆ. ಆವಿಯಾಗುವುದು ನೀರು, ತುಂಬಬೇಕಾದ್ದೂ ಡಿಸ್ಟಿಲ್ಡ್ ವಾಟರೇ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಬೇಡವೇ ಬೇಡ.

ಸೋರಿಕೆ ಅಳೆಯುವುದು

ಕಳ್ಳ ಗಾಡಿಯಲ್ಲಿದ್ದಾನೆ ಅಂತ ಗೊತ್ತಾದ ಮೇಲೆ ಒಂದು ಮಲ್ಟಿಮೀಟರು ಬೇಕು. ಮುನ್ನೂರು ನಾನೂರು ರೂಪಾಯಿಯದು ನಡೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಬೇಕಾದಷ್ಟಿವೆ. ಡಿಸಿ 10 ಆ್ಯಂಪಿಯರು ಅಳೆಯುವ ತೂತು ಬೇರೆಯಾಗಿ ಇರಬೇಕು, ಕೊಳ್ಳುವಾಗ ನೋಡಿಕೊಳ್ಳಿ. ಜತೆಗೆ ಇಂಡಿಕೇಟರಿಗೆ ಹಾಕುವ 12 ವೋಲ್ಟು 21 ವ್ಯಾಟಿನ ಒಂದು ಬಲ್ಬಿಗೆ ಎರಡು ವೈರು ಬೆಸೆಸಿಟ್ಟುಕೊಳ್ಳಿ.

ಮೊದಲು ಬಲ್ಬು, ಆಮೇಲೆ ಮೀಟರು. ಕೀ ತೆಗೆದು, ಎಲ್ಲ ಸ್ವಿಚ್ಚು ಆರಿಸಿ, ಅರ್ತ್ ವೈರು ಬಿಚ್ಚಿ. ಬಿಚ್ಚಿದ ವೈರಿಗೂ ಬ್ಯಾಟ್ರಿಯ ಮೈನಸ್ ಕಂಬಕ್ಕೂ ನಡುವೆ ಬಲ್ಬು ಹಿಡಿಯಿರಿ. ಪೂರ್ತಿ ಬೆಳಗಿತೋ, ದೊಡ್ಡ ಸೋರಿಕೆಯೇ ಇದೆ, ಎಲ್ಲೋ ವೈರು ಮೈಗೆ ತಗುಲಿದೆ. ಮೀಟರು ಇಡಬೇಡಿ, ಸುಟ್ಟುಹೋದೀತು. ಕೆಂಪಗೆ ಮಿಣುಕಿದರೆ ಸಣ್ಣ ಸೋರಿಕೆ. ಬೆಳಗಲೇ ಇಲ್ಲದಿದ್ದರೂ ಸೋರಿಕೆ ಇಲ್ಲ ಅಂತಲ್ಲ, ಬಲ್ಬಿಗೆ ಕಾಣುವಷ್ಟು ಇಲ್ಲ ಅಂತ. ಈಗ ಬಲ್ಬಿನ ಜಾಗದಲ್ಲಿ ಮೀಟರು: ಕೆಂಪು ಕಡ್ಡಿ ಬಿಚ್ಚಿದ ವೈರಿಗೆ, ಕಪ್ಪು ಕಡ್ಡಿ ಬ್ಯಾಟ್ರಿ ಕಂಬಕ್ಕೆ. ಮೀಟರು ನಡುವೆ ಇರುವಾಗ ಯಾರೂ ಕೀ ತಿರುಗಿಸಬಾರದು. ಸೆಲ್ಫು ನೂರಾರು ಆ್ಯಂಪಿಯರು ಎಳೆಯುತ್ತದೆ, ಮೀಟರಿನ ತಾಕತ್ತು ಹತ್ತು. ಮಕ್ಕಳು ಸೀಟು ಹತ್ತಿದ್ದರೆ ಇಳಿಸಿ. ಕೆಲಸ ಮುಗಿದ ಕೂಡಲೇ ಕೆಂಪು ವೈರನ್ನು ಮತ್ತೆ ವೋಲ್ಟಿನ ತೂತಿಗೆ ಹಾಕಿಡಿ. ಮರೆತು ಮುಂದಿನ ಸಲ ವೋಲ್ಟು ನೋಡಲು ಹೋದರೆ ಬ್ಯಾಟ್ರಿಯ ಪ್ಲಸ್ಸಿಗೂ ಮೈನಸ್ಸಿಗೂ ನೇರ ಸೇತುವೆ ಕಟ್ಟಿದಂತೆ.

ಬಂದ ಅಂಕಿಯನ್ನು 24ರಿಂದ ಗುಣಿಸಿ, ಅದು ದಿನಕ್ಕೆ ಹೋಗುವ ಪಾಲು. ನಮ್ಮ ಪಕ್ಕದವರ ಟ್ರ್ಯಾಕ್ಟರಿನಲ್ಲಿ 0.4 ಆ್ಯಂಪಿಯರು ಬಂತು. ದಿನಕ್ಕೆ 9.6. ನಾಲ್ಕು ದಿನಕ್ಕೆ 38. ಅವರದು 75ರ ಬ್ಯಾಟ್ರಿ, ನಾಲ್ಕೇ ದಿನಕ್ಕೆ ಅರ್ಧ ಖಾಲಿ. ಅರ್ಧಕ್ಕಿಳಿದ ಬ್ಯಾಟ್ರಿ ಚಳಿಗಾಲದ ಬೆಳಗ್ಗೆ ಡೀಸೆಲ್ ಎಂಜಿನ್ನು ತಿರುಗಿಸಲು ಒದ್ದಾಡುತ್ತದೆ.

ಇಲ್ಲೊಂದು ಮುಖ್ಯ ವಿಷಯ. ಕಾರು ರಿಪೇರಿಯವರನ್ನು ಕೇಳಿದರೆ 0.05 ಆ್ಯಂಪಿಯರ್ ತನಕ ಸೋರಿಕೆ ಪರವಾಗಿಲ್ಲ ಅನ್ನುತ್ತಾರೆ. ಅದು ದಿನಾ ವೈಟ್‌ಫೀಲ್ಡಿಗೆ ಹೋಗಿಬರುವ ಕಾರಿನ ಲೆಕ್ಕ. ರಾತ್ರಿ ಹೋದದ್ದು ಹಗಲು ತುಂಬಿಕೊಳ್ಳುತ್ತದೆ. ತಿಂಗಳು ನಿಲ್ಲುವ ಟ್ರ್ಯಾಕ್ಟರಿಗೆ ಹಾಕಿ ನೋಡಿ: ದಿನಕ್ಕೆ 1.2, ಮೂವತ್ತು ದಿನಕ್ಕೆ 36. ಮತ್ತೆ ಅರ್ಧ ಬ್ಯಾಟ್ರಿ! ಅದರ ಮೇಲೆ ಒಳ್ಳೆ ಬ್ಯಾಟ್ರಿಯೂ ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಸೆಕೆಗಾಲದಲ್ಲಿ ಇನ್ನೂ ಬೇಗ. ಪಟ್ಟಣದವರಿಗೆ ‘ಪರವಾಗಿಲ್ಲ’ ಅನ್ನುವ ಸೋರಿಕೆ ನಮ್ಮಂಥವರಿಗೆ ಪರವಾಗಿಲ್ಲ ಅಲ್ಲ. ಕಂಪ್ಯೂಟರು ಇಲ್ಲದ ಹಳೇ ಟ್ರ್ಯಾಕ್ಟರಾದರೆ ಕೀ ತೆಗೆದಾಗ ಮೀಟರು ಸೊನ್ನೆಗೇ ಬರಬೇಕು.

ಕಳ್ಳ ಸಿಕ್ಕುವ ಜಾಗಗಳು

ಮೀಟರನ್ನು ಹಾಗೇ ಇಟ್ಟುಕೊಂಡು ಫ್ಯೂಸುಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ದಾರಿಯಲ್ಲಿದೆ ಸೋರಿಕೆ. ನಮ್ಮ ಟ್ರ್ಯಾಕ್ಟರುಗಳಲ್ಲಿ ಬರೀ ಫ್ಯೂಸು ನಂಬಿದರೆ ಆಗುವುದಿಲ್ಲ, ಯಾಕೆಂದರೆ ಅರ್ಧ ವೈರು ಫ್ಯೂಸು ದಾಟಿ ನೇರ ಬ್ಯಾಟ್ರಿಗೇ ಹೋಗಿರುತ್ತವೆ. ಪ್ಲಸ್ ಟರ್ಮಿನಲ್ಲಿನ ಮೇಲೆ ಎಷ್ಟು ವೈರು ಕೂತಿವೆ ಎಣಿಸಿ. ಕಂಪನಿಯಿಂದ ಬಂದದ್ದಕ್ಕಿಂತ ಹೆಚ್ಚಿದ್ದರೆ ಮೊದಲ ಅನುಮಾನ ಅವುಗಳ ಮೇಲೇ.

ಪಕ್ಕದವರ ಆ 0.4 ಹೋಗುತ್ತಿದ್ದದ್ದು ಹಾಡಿನ ಪೆಟ್ಟಿಗೆಯ ಆಂಪ್ಲಿಫೈಯರಿಗೆ. ಹಾಡು ನಿಲ್ಲಿಸಿದರೂ ಅದು ನಿದ್ದೆ ಮಾಡುತ್ತಿರಲಿಲ್ಲ. ಕೀ ತಿರುಗಿಸಿದಾಗ ಮಾತ್ರ ಎಚ್ಚರಿಸಬೇಕಾದ ಸಣ್ಣ ವೈರನ್ನು ಕೂರಿಸಿದವನು ಬ್ಯಾಟ್ರಿ ಪ್ಲಸ್ಸಿಗೇ ಸುತ್ತಿದ್ದ. ಅವರ ಮಗ “ಬ್ಯಾಟ್ರಿನೇ ಸರಿ ಇಲ್ಲ ಮಾಮ, ಸೆಟ್ಟು ಹೊಸದು” ಅಂತ ವಾದ ಮಾಡಿದ. ಆ ವೈರು ಬಿಚ್ಚಿ ಮೀಟರು ತೋರಿಸಿದ ಮೇಲೆ ಸುಮ್ಮನಾದ. ವೈರನ್ನು ಕೀ ಕಡೆಯ ಲೈನಿಗೆ ಹಾಕಿದೆವು, ಖರ್ಚು ಇನ್ಸುಲೇಶನ್ ಟೇಪಿನದು ಮಾತ್ರ. ಉಳುವಾಗ ಹಾಡು ಊರಿಗೆಲ್ಲ ಕೇಳಬೇಕೇ ಅನ್ನುವುದು ಬೇರೆ ಪ್ರಶ್ನೆ.

ಬ್ರೇಕ್ ಲೈಟಿನ ಸ್ವಿಚ್ಚು ಅಂಟಿಕೊಂಡಿದ್ದರೆ ಹಗಲು ಕಾಣುವುದಿಲ್ಲ, ರಾತ್ರಿ ಒಮ್ಮೆ ಹಿಂದೆ ಹೋಗಿ ನೋಡಿ. ಮೊಬೈಲ್ ಚಾರ್ಜರಿನ ಸಾಕೆಟ್ಟು, ಹೆಚ್ಚುವರಿ ಎಲ್‌ಇಡಿ ದೀಪ, ಸವೆದ ಕೀ ಸ್ವಿಚ್ಚು, ಇವೂ ಮಾಮೂಲು ಕಳ್ಳರೇ.

ಇಲಿಯದ್ದು ಬೇರೆ ಕಥೆ. ರಾಗಿ ಹುಲ್ಲಿನ ಮೆದೆ ಪಕ್ಕ ಗಾಡಿ ನಿಲ್ಲಿಸುತ್ತೇವೆ, ಇಲಿ ಬಾನೆಟ್ಟಿನೊಳಗೆ ಸೇರುತ್ತದೆ, ವೈರಿನ ಸಿಪ್ಪೆ ಕಡಿಯುತ್ತದೆ. ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ಮೆತ್ತಿದ ಮಣ್ಣು ನೆಂದಾಗ ಅದರ ಮೂಲಕ ಕರೆಂಟು ಮೈಗೆ ಇಳಿಯುತ್ತದೆ. ಒಣಗಿದ ಮಧ್ಯಾಹ್ನ ಮೀಟರಿಟ್ಟರೆ ಸೊನ್ನೆ! ಇಂಥ ಅನುಮಾನ ಇದ್ದರೆ ಮಳೆ ಬಂದ ಮಾರನೆಯ ಬೆಳಗ್ಗೆಯೇ ಅಳೆಯಬೇಕು.

ಎಲ್ಲ ಫ್ಯೂಸು ಕಿತ್ತರೂ ಅಂಕಿ ಇಳಿಯಲಿಲ್ಲವೆಂದರೆ ಡೈನಮೋ ಕಡೆ ತಿರುಗಿ. ಎಷ್ಟೋ ಮೆಕಾನಿಕ್ಕರು ನೋಡದೆ ಬಿಡುವ ಜಾಗ ಇದು. ಡೈನಮೋದಿಂದ ಒಂದು ದಪ್ಪ ವೈರು ಕೀ, ಸ್ವಿಚ್ಚು ಯಾವುದನ್ನೂ ಕೇಳದೆ ಬ್ಯಾಟ್ರಿಗೆ ಸೇರಿರುತ್ತದೆ. ನಿಂತಾಗ ಬ್ಯಾಟ್ರಿಯಿಂದ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುವುದು ಒಳಗಿನ ಡಯೋಡುಗಳು. ಬಾವಿಯ ಪಂಪಿನ ಫುಟ್‌ವಾಲ್ವ್ ಇದ್ದಂತೆ. ಫುಟ್‌ವಾಲ್ವಿನಲ್ಲಿ ಕಡ್ಡಿ ಸಿಕ್ಕಿಕೊಂಡರೆ ಪೈಪಿನ ನೀರೆಲ್ಲ ಬಾವಿಗೆ ವಾಪಸು. ಡಯೋಡು ಕೆಟ್ಟರೆ ಒಂದೇ ರಾತ್ರಿಯಲ್ಲಿ ಬ್ಯಾಟ್ರಿ ಮಲಗಬಹುದು. ಮೋಸ ಏನೆಂದರೆ ಗಾಡಿ ಓಡುವಾಗ ಚಾರ್ಜು ಬರುತ್ತಲೇ ಇರಬಹುದು, ಅದಕ್ಕೇ ಅನುಮಾನ ಬರುವುದಿಲ್ಲ. ಸುಲಭದ ಗುರುತು ಒಂದಿದೆ. ರಾತ್ರಿಯೆಲ್ಲ ನಿಂತ ಗಾಡಿಯ ಡೈನಮೋವನ್ನು ಬೆಳಗಿನ ಜಾವ ಮುಟ್ಟಿ ನೋಡಿ. ಎಂಜಿನ್ನು ತಣ್ಣಗಿದ್ದು ಡೈನಮೋ ಮಾತ್ರ ಬೆಚ್ಚಗಿದ್ದರೆ ಕಳ್ಳ ಸಿಕ್ಕಿದ. ಖಾತರಿ ಮಾಡಿಕೊಳ್ಳಲು ಅರ್ತ್ ಬಿಚ್ಚಿ, ಆ ದಪ್ಪ ವೈರನ್ನು ಬಿಡಿಸಿ ತುದಿಗೆ ಟೇಪು ಸುತ್ತಿ, ಮತ್ತೆ ಮೀಟರಿಡಿ. ಅಂಕಿ ಸೊನ್ನೆಗೆ ಬಂದರೆ ಡಯೋಡು ಪ್ಲೇಟು ಬದಲಾಯಿಸಬೇಕು. ಪೂರ್ತಿ ಹೊಸ ಡೈನಮೋ ಬೇಕಾಗಿಲ್ಲ, ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಪ್ಲೇಟೇ ಸಿಗುತ್ತದೆ. ನಿಜವಾದ ಡೈನಮೋ ಇರುವ ಬಹಳ ಹಳೇ ಟ್ರ್ಯಾಕ್ಟರುಗಳಲ್ಲಿ ಡಯೋಡಿನ ಕೆಲಸ ಕಟೌಟಿನದು. ಅದರ ಪಾಯಿಂಟು ಅಂಟಿಕೊಂಡರೂ ಇದೇ ತೊಂದರೆ.

ಪಿಕಪ್ ಗಾಡಿ ಇಟ್ಟವರಿಗೆ

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಪಿಕಪ್ಪುಗಳಲ್ಲಿ ಕಂಪ್ಯೂಟರು ಇದೆ. ಕೀ ತೆಗೆದ ಮೇಲೂ ಅದು ನಿದ್ದೆಗೆ ಹೋಗಲು ಅರ್ಧ ಗಂಟೆ ಹಿಡಿಯಬಹುದು, ಅದಕ್ಕೆ ಮುಂಚೆ ಅಳೆದರೆ ಸುಳ್ಳು ಸೋರಿಕೆ ಕಾಣುತ್ತದೆ. ಫ್ಯೂಸು ಕಿತ್ತು ಹಾಕಿದರೂ ಎಚ್ಚರವಾಗುತ್ತದೆ. ಅದಕ್ಕೇ ಕೀಳದೆ ಅಳೆಯುವ ಉಪಾಯ ಒಳ್ಳೆಯದು. ಫ್ಯೂಸಿನ ಬೆನ್ನ ಮೇಲೆ ಎರಡು ಸಣ್ಣ ಚುಕ್ಕೆ ಲೋಹ ಕಾಣುತ್ತದೆ. ಮೀಟರನ್ನು ಮಿಲಿವೋಲ್ಟಿಗಿಟ್ಟು ಎರಡಕ್ಕೂ ಕಡ್ಡಿ ಮುಟ್ಟಿಸಿ. ಸೊನ್ನೆ ಬಂದರೆ ಆ ಫ್ಯೂಸಿನಲ್ಲಿ ಏನೂ ಹರಿಯುತ್ತಿಲ್ಲ. ಏನಾದರೂ ಅಂಕಿ ಬಂದರೆ ಹರಿಯುತ್ತಿದೆ.

ತರಕಾರಿ, ಹೂವು ಹೊತ್ತು ದಿನಾ ಮಾರ್ಕೆಟ್ಟಿಗೆ ಹೋಗುವ ಗಾಡಿಗೆ ಈ ಕಾಟ ಕಡಿಮೆ, ಬೆಳೆ ಮುಗಿದು ನಿಂತಾಗಲೇ ಬರುವುದು. ನಮ್ಮ ಸಂಬಂಧಿಕರೊಬ್ಬರ ಗಾಡಿಯಲ್ಲಿ ಸಾಲ ಕೊಟ್ಟವರು ಕೂರಿಸಿದ ಜಿಪಿಎಸ್ ಪೆಟ್ಟಿಗೆಯೇ ಹಗಲೂ ರಾತ್ರಿ 0.12 ಆ್ಯಂಪಿಯರು ಎಳೆಯುತ್ತಿತ್ತು. ಒಂದು ವರ್ಷದಲ್ಲಿ ಎರಡು ಬ್ಯಾಟ್ರಿ ಹಾಕಿಸಿದ್ದರು ಪಾಪ. ಅಂಕಿ ಬರೆದು ತೋರಿಸಿದ ಮೇಲೆ ಪೆಟ್ಟಿಗೆ ಬದಲಾಯಿಸಿ ಕೊಟ್ಟರು.

ತುಂಬುವ ಕಡೆ, ತಡೆಯುವ ಕಡೆ

ಸೋರಿಕೆ ಇಲ್ಲ, ಬ್ಯಾಟ್ರಿಯೂ ಗಟ್ಟಿ, ಆದರೂ ಇಳಿಯುತ್ತದೆ ಅಂದರೆ ಕಾಲುವೆ ನೋಡಿ. ಎಂಜಿನ್ನು ಸ್ವಲ್ಪ ರೈಸ್ ಮಾಡಿ ಟರ್ಮಿನಲ್ಲಿನಲ್ಲಿ ವೋಲ್ಟು ಅಳೆಯಿರಿ. 13.8ರಿಂದ 14.5ರ ಒಳಗಿರಬೇಕು. ಕಡಿಮೆ ಬಂದರೆ ಬೆಲ್ಟು ಸಡಿಲ ಇದೆಯೇ ಅಂತ ಮೊದಲು ನೋಡಿ. ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕು ಅನ್ನುವವರಿದ್ದಾರೆ. ಐಡಲಿನಲ್ಲಿ ಅಷ್ಟು ಹೊತ್ತು ಓಡಿದ ಡೈನಮೋ ಸೆಲ್ಫು ತಿಂದದ್ದನ್ನು ವಾಪಸು ಕೊಟ್ಟರೆ ಹೆಚ್ಚು, ವಾರದ ಸೋರಿಕೆಗೆ ಉಳಿಯುವುದು ಅಷ್ಟಕ್ಕಷ್ಟೆ. ಡೀಸೆಲ್ಲು ಸುಡುವ ಬದಲು ಅರ್ತ್ ವೈರು ಬಿಚ್ಚಿಡುವುದು ಮೇಲು.

ಪ್ರತಿ ಸಲ ಸ್ಪ್ಯಾನರು ಹಿಡಿಯುವುದು ಬೇಜಾರಾದರೆ ಅರ್ತ್ ವೈರಿನ ನಡುವೆ ಕಟಾಫ್ ಸ್ವಿಚ್ಚು ಹಾಕಿಸಿ. ಸೆಲ್ಫಿನ ಕರೆಂಟು ತಡೆಯುವ ದಪ್ಪ ಸ್ವಿಚ್ಚೇ ಆಗಬೇಕು, ಮನೆ ಲೈಟಿನದು ಸುಟ್ಟುಹೋಗುತ್ತದೆ. ಎಂಜಿನ್ನು ಓಡುತ್ತಿರುವಾಗ ಅದನ್ನು ಆರಿಸಬಾರದು. ಬ್ಯಾಟ್ರಿ ತಪ್ಪಿದ ಕೂಡಲೇ ಡೈನಮೋದ ವೋಲ್ಟು ನೆಗೆದು ಡಯೋಡು ಸುಡುತ್ತದೆ. ಕಟಾಫ್ ಹಾಕಿದ್ದರೂ ಒಂದೆರಡು ತಿಂಗಳಿಗೊಮ್ಮೆ ವೋಲ್ಟು ನೋಡಿ, 12.4ಕ್ಕಿಂತ ಕೆಳಗೆ ಬಂದರೆ ಚಾರ್ಜು ಮಾಡಿಸಿ.

ಬಿಚ್ಚಿಟ್ಟ ಬ್ಯಾಟ್ರಿಯನ್ನು ಸಿಮೆಂಟು ನೆಲದ ಮೇಲಿಟ್ಟರೆ ಇಳಿಯುತ್ತದೆ ಅನ್ನುವ ಮಾತು ಈಗಲೂ ಕೇಳುತ್ತದೆ. ಹಿಂದೆ ಮರದ, ರಬ್ಬರಿನ ಡಬ್ಬಿ ಇದ್ದಾಗ ಅದರಲ್ಲಿ ಸ್ವಲ್ಪ ನಿಜ ಇತ್ತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸುವುದಿಲ್ಲ.

ಇನ್ನು ಬ್ಯಾಟ್ರಿ ವಾರಂಟಿಯೊಳಗೇ ಕೆಟ್ಟರೆ ಅಂಗಡಿಗೆ ಹೋಗುವಾಗ ಈ ಅಂಕಿಗಳನ್ನೆಲ್ಲ ತಾರೀಕು ಹಾಕಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಸೋರಿಕೆ ಎಷ್ಟು, ಚಾರ್ಜಿಂಗ್ ವೋಲ್ಟು ಎಷ್ಟು, ಯಾವ ಸೆಲ್ಲಿನ ಹೈಡ್ರೋಮೀಟರು ಎಷ್ಟು. “ನಿಮ್ಮ ಗಾಡೀಲೇ ತೊಂದರೆ” ಅನ್ನಲು ಅವರಿಗೆ ದಾರಿ ಉಳಿಯುವುದಿಲ್ಲ. ವಾರಂಟಿ ಮುಗಿದು ಪೂರ್ತಿ ಸತ್ತದ್ದಾದರೆ ಹಳೇ ಬ್ಯಾಟ್ರಿಯನ್ನು ಅಂಗಡಿಗೇ ಕೊಡಿ, ಸೀಸದ ಬೆಲೆ ಹಿಡಿದು ಹೊಸದರಲ್ಲಿ ಕಡಿಮೆ ಮಾಡುತ್ತಾರೆ. 2022ರ ನಿಯಮದಲ್ಲಿ ಅದನ್ನು ವಾಪಸು ಪಡೆದು ಕರಗಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದ್ದಾರೆ. ಗುಜರಿಯವನು ತೂಕ ಕಡಿಮೆ ಮಾಡಲು ಆ್ಯಸಿಡ್ಡನ್ನು ಅಲ್ಲೇ ಬದುವಿಗೆ ಚೆಲ್ಲಲು ಹೊರಟರೆ ಬಿಡಬೇಡಿ. ಅದರಲ್ಲಿ ಸೀಸ ಇರುತ್ತದೆ, ಮಣ್ಣಿಗೆ ಸೇರಿದರೆ ಅಲ್ಲೇ ಉಳಿಯುತ್ತದೆ.